ಮೂರು ಹನಿ

ದೂರ ಪ್ರಯಾಣ ಮಾಡಿ ಬಂದವರು ಊರವರಿಗೆ ಅದರ ಕಥೆಯನ್ನು ಹೇಳಲೇಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ಆದರೂ ಹೇಳದೆ ಸುಮ್ಮನಿದ್ದವರನ್ನು ನಾವು ಕಂಡಿಲ್ಲ. ನಮ್ಮ ಸಂಘದ ಸಂಪಾದಕ ಮಿತ್ರರು, "ಲಡಾಖಿಗೆ ಹೋಗಿ ಬಂದಿರಲ್ಲ, ಎರಡು ಪುಟ ಬರೆದುಕೊಡಿ" ಎಂದು ಮೂರು ಬಾರಿ ಹೇಳಿ ಕಳುಹಿಸಿದರು. ಹಿಮಶಿಖರಗಳ ವರ್ಣನೆಯನ್ನು ಬರೆಯೋಣವೆಂದರೆ ಆ ಕೆಲಸವನ್ನು ಚಿತ್ರಪಟಗಳು ನಮಗಿಂತ ಚೆನ್ನಾಗಿ ಮಾಡುತ್ತವೆ. ಆದುದರಿಂದ ಆ ದಾರಿಯಲ್ಲಿ ಜನ ಏನನ್ನು ಕುಡಿಯುತ್ತಾರೆ, ಹೇಗೆ ಕುಡಿಯುತ್ತಾರೆ, ಕುಡಿಯುವುದಕ್ಕೆ ಮೊದಲು ಏನು ಮಾಡುತ್ತಾರೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬು ಗಂಟಿಕ್ಕುವವರು ಕೊನೆಯವರೆಗೆ ಓದಿ ಆಮೇಲೆ ಬೈಯಬೇಕೆಂದು ಬೇಡಿಕೊಳ್ಳುತ್ತೇವೆ.

ನಾವು ಎಂದರೆ ನಾವೊಬ್ಬರೇ. ಬೆನ್ನ ಮೇಲಿದ್ದ ಚೀಲವನ್ನೂ ಲೆಕ್ಕಕ್ಕೆ ಹಿಡಿದರೆ ಇಬ್ಬರು. ಕಾಸರಗೋಡು ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿ ನಿವೃತ್ತರಾದಾಗ, ಹಳೆಯ ವಿದ್ಯಾರ್ಥಿಗಳು ಶಾಲು ಹಣ್ಣುಗಳ ಜೊತೆಗೆ ಈ ಚೀಲವನ್ನೂ ಕೊಟ್ಟರು. "ಭೂಗೋಳದ ಪಾಠದಲ್ಲಿ ಹಿಮಾಲಯವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿರಿ ಮಾಷ್ಟ್ರೇ, ಒಮ್ಮೆ ನೋಡಿಕೊಂಡು ಬನ್ನಿ" ಎಂದರು. ಶಾಲನ್ನು ಮಡಚಿ ಇಡಬಹುದು. ಈ ಮಾತನ್ನು ಮಡಚಿ ಇಡಲಾಗಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ರೈಲು ಹತ್ತಿ ದೆಹಲಿಯನ್ನು ಸೇರಿದೆವು. ಅಲ್ಲಿಂದ ಮುಂದಿನದೆಲ್ಲ ಬಸ್ಸಿನ ಪ್ರಯಾಣ.

ದೆಹಲಿಯಿಂದ ಲೇಹಕ್ಕೆ ಬಸ್ಸಿನ ದಾರಿ ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು. ಹರಿಯಾಣದ ಬಯಲನ್ನು ದಾಟಿ, ಚಂಡೀಗಢ, ಬಿಲಾಸಪುರ, ಮಂಡಿ, ಕುಲ್ಲೂಗಳ ಮೇಲೆ ಹಾದು, ಮನಾಲಿಯ ಆಚೆಗಿನ ಕೇಲಾಂಗಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಗಿನ ಜಾವದಲ್ಲಿ ಹೊರಟರೆ ಸಂಜೆಗೋ ರಾತ್ರಿಗೋ ಲೇಹವನ್ನು ಮುಟ್ಟಬೇಕು. ನಮ್ಮ ಬಸ್ಸಿನಲ್ಲಿ ರಜೆಯಿಂದ ಮರಳುವ ಸಿಪಾಯಿಗಳಿದ್ದರು, ರಸ್ತೆಯ ಕೆಲಸಕ್ಕೆ ಹೋಗುವ ಕೂಲಿಗಳಿದ್ದರು, ಕೆಂಪು ವಸ್ತ್ರದ ಒಬ್ಬ ಲಾಮಾ ಇದ್ದರು, ನಮ್ಮಂತೆಯೇ ಬೆನ್ನಿಗೆ ಚೀಲ ಹೊತ್ತ, ಆದರೆ ನಮ್ಮ ವಯಸ್ಸಿನ ಅರ್ಧಕ್ಕೂ ಕಡಿಮೆಯಾದ ನಾಲ್ಕಾರು ತರುಣರಿದ್ದರು. ಅವರು ನಮ್ಮನ್ನು ಮೊದಲು "ಅಂಕಲ್" ಎಂದರು. ಎರಡು ಘಾಟಿ ದಾಟುವಷ್ಟರಲ್ಲಿ "ಗುರೂಜಿ" ಎಂದರು. ಉಪಾಧ್ಯಾಯನ ಗುರುತು ಚೀಲದಿಂದ ಮರೆಯಾಗುವಂಥದಲ್ಲವೆಂದು ತೋರುತ್ತದೆ.

ನೀರು ಬದಲಾದಂತೆ ಬಾಯಿ ಬದಲಾಗುತ್ತದೆ ಎಂಬ ಮಾತು ನಿಜವೆಂದು ಈ ದಾರಿಯಲ್ಲಿ ಅರಿವಾಯಿತು. ಹರಿಯಾಣದ ಢಾಬಾದಲ್ಲಿ ಮೊಳದುದ್ದದ ಲೋಟದಲ್ಲಿ ಲಸ್ಸಿ ಬಂದಿತು. ಅದರ ಮೇಲಿನ ಕೆನೆ ಮೀಸೆಗೆ ಹತ್ತದಂತೆ ಕುಡಿಯುವುದು ಅಲ್ಲಿಯವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಬೆಟ್ಟ ಹತ್ತತೊಡಗಿದಂತೆ ಲಸ್ಸಿ ಮರೆಯಾಗಿ ಶುಂಠಿ ಹಾಕಿದ ಚಹಾ ಬಂದಿತು. ಕುಲ್ಲೂ ಕಣಿವೆಯಲ್ಲಿ ಅಕ್ಕಿಯಿಂದ ಹುಳಿಬರಿಸಿದ ಲುಗ್ಡಿ ಎಂಬ ಪಾನೀಯವನ್ನು ಮನೆಗಳಲ್ಲಿಯೇ ಮಾಡುತ್ತಾರೆಂದು ಪಕ್ಕದ ಆಸನದವರು ಹೇಳಿದರು. ಇವೆಲ್ಲದರ ನಡುವೆ ಬದಲಾಗದೆ ಉಳಿದದ್ದು ಬಸ್ಸಿನೊಳಗಿನ ನೀರಿನ ಮರ್ಯಾದೆ. ಒಬ್ಬರು ಬಾಟಲಿಯ ಮುಚ್ಚಳ ತೆಗೆದರೆ ಮೊದಲು ಪಕ್ಕದವರ ಕಡೆಗೆ ಚಾಚುತ್ತಿದ್ದರು. ತೆಗೆದುಕೊಂಡವರು ತುಟಿಗೆ ತಾಗಿಸದೆ ಎತ್ತಿ ಕುಡಿದು ಹಿಂದಕ್ಕೆ ಕೊಡುತ್ತಿದ್ದರು. ಮನೆಗೆ ಬಂದವರಿಗೆ "ಆಸರಿಗೆ ಏನು?" ಎಂದು ಕೇಳಿ ಬೆಲ್ಲ ನೀರು ಇಡುವ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮನಾಲಿಯಿಂದ ಮುಂದೆ ರೋಹತಾಂಗ್ ಕಣಿವೆಯನ್ನು ಈಗ ಹತ್ತಿ ಇಳಿಯಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ಒಂಬತ್ತು ಕಿಲೋಮೀಟರಿಗೆ ಸ್ವಲ್ಪ ಮಿಕ್ಕ ಉದ್ದದ್ದು. ಹಸುರು ಕಾಡಿನಲ್ಲಿ ಒಳಹೊಕ್ಕ ಬಸ್ಸು ಕಾಲುಗಂಟೆಯೊಳಗಾಗಿ ಲಾಹೌಲಿನ ಬೋಳು ಬೆಟ್ಟಗಳ ನಡುವೆ ಹೊರಬೀಳುತ್ತದೆ. ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ಎಂಬ ಎರಡು ನದಿಗಳು ಕೂಡಿ ಚಂದ್ರಭಾಗೆಯಾಗಿ ಹರಿಯುತ್ತವೆ. ಇದೇ ಮುಂದೆ ಚೇನಾಬ್ ಎನಿಸುವುದು. ಚಂದ್ರಗಿರಿ ಹೊಳೆಯ ನೀರು ಕುಡಿದು ಬೆಳೆದ ನಮಗೆ ಚಂದ್ರೆಯ ಹೆಸರು ಕೇಳಿ ಬಂಧುವನ್ನು ಕಂಡಷ್ಟು ಸಂತೋಷವಾಯಿತು.

ಕೇಲಾಂಗಿನಿಂದ ನಸುಕಿನ ಐದು ಗಂಟೆಗೆ ಹೊರಟೆವು. ಸುಮಾರು 4,890 ಮೀಟರ್ ಎತ್ತರದ ಬಾರಾಲಾಚಾ ಕಣಿವೆಯನ್ನು ದಾಟುವಾಗ ತಲೆಯೊಳಗೆ ಚೆಂಡೆ ಬಾರಿಸಿದಂತಾಯಿತು. ಸಮುದ್ರದ ಮಟ್ಟದಲ್ಲಿ ಹುಟ್ಟಿ ಅಲ್ಲಿಯೇ ಉಸಿರಾಡಿದವರಿಗೆ ಇದು ಸಹಜ. ಡ್ರೈವರು ಪ್ರತಿ ನಿಲುಗಡೆಯಲ್ಲಿಯೂ "ನೀರು ಕುಡಿಯಿರಿ, ಬಾಯಾರದಿದ್ದರೂ ಕುಡಿಯಿರಿ" ಎಂದು ತಾಯಿಯಂತೆ ಗದರಿಸುತ್ತಿದ್ದನು. ಸರ್ಚುವಿನ ಬಯಲಿನಲ್ಲಿ ಹಿಮಾಚಲ ಮುಗಿದು ಲಡಾಖು ಮೊದಲಾಗುತ್ತದೆ. 1956ರ ನವೆಂಬರ್ ಒಂದರಂದು ಊರು ಕದಲದೆಯೇ ರಾಜ್ಯ ಬದಲಾದುದನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ಗಡಿನಾಡಿನವರು ಎಲ್ಲಿ ಹೋದರೂ ಗಡಿಯನ್ನು ಹುಡುಕುತ್ತಾರೆ, ನಾವೂ ಹುಡುಕಿದೆವು. ಕಂಡದ್ದು ಒಂದು ಫಲಕ ಮಾತ್ರ. ಗಾಳಿ ಎರಡು ಕಡೆಗೂ ಒಂದೇ ಆಗಿದ್ದಿತು.

ಆ ದಾರಿಯಲ್ಲಿ ಎರಡು ತೊರೆಗಳಿವೆ. ಒಂದರ ಹೆಸರು ಬ್ರಾಂದಿ ನಾಲಾ, ಇನ್ನೊಂದರ ಹೆಸರು ವಿಸ್ಕಿ ನಾಲಾ. ಹೆಸರನ್ನು ಕೇಳಿ ಬಸ್ಸಿನ ತರುಣರು ಬಹಳ ನಕ್ಕರು. ಎರಡರಲ್ಲಿಯೂ ಹರಿಯುವುದು ಮಂಜು ಕರಗಿದ ತಣ್ಣೀರು. ಈ ಎರಡರ ನಡುವೆ ಗಾಟಾ ಎಂಬಲ್ಲಿ ರಸ್ತೆ ಇಪ್ಪತ್ತೊಂದು ಬಾರಿ ಹಾವಿನಂತೆ ಹೊರಳಿ ಮೇಲೇರುತ್ತದೆ. ತಿರುವೊಂದರಲ್ಲಿ ಕಲ್ಲು ಪೇರಿಸಿ ಮಾಡಿದ ಒಂದು ಚಿಕ್ಕ ಗುಡಿ. ಅದರ ಸುತ್ತ ನೂರಾರು ನೀರಿನ ಬಾಟಲಿಗಳು. ಹಿಂದೊಮ್ಮೆ ಲಾರಿ ಕೆಟ್ಟು ನಿಂತಾಗ ಡ್ರೈವರು ಸಹಾಯ ತರಲು ಹೋದನಂತೆ. ಹಿಮ ಬಿದ್ದು ದಾರಿ ಮುಚ್ಚಿತಂತೆ. ಕಾವಲಿಗೆ ಉಳಿದ ಕ್ಲೀನರ್ ಹುಡುಗ ಹಸಿವು ನೀರಡಿಕೆಗಳಿಂದ ಸತ್ತನಂತೆ. ಆಮೇಲೆ ಹಾದುಹೋಗುವವರ ಬಳಿ ಒಬ್ಬ ಹುಡುಗ ನೀರು ಬೇಡುತ್ತಿದ್ದನೆಂದೂ, ಗುಡಿ ಕಟ್ಟಿ ನೀರಿಟ್ಟ ಮೇಲೆ ಶಾಂತನಾದನೆಂದೂ ಜನ ಹೇಳುತ್ತಾರೆ. ನಮ್ಮ ಡ್ರೈವರು ಬಸ್ಸು ನಿಲ್ಲಿಸಿ, ತಾನು ಕುಡಿಯುವ ಮೊದಲು ಒಂದು ಬಾಟಲಿಯನ್ನು ಅಲ್ಲಿಟ್ಟು ಕೈಮುಗಿದು ಬಂದನು.

ನಮಗೆ ಇದು ಹೊಸದೆನ್ನಿಸಲಿಲ್ಲ. ನಮ್ಮ ಗುಳಿಗನ ಕಟ್ಟೆಯಲ್ಲಿ ಎಳನೀರಿನೊಡನೆ ಕಳ್ಳನ್ನೂ ಇಡುತ್ತಾರೆ. ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಮುತ್ತಪ್ಪನಿಗೆ ಕಳ್ಳೇ ನೈವೇದ್ಯ. ಬದುಕಿರುವಾಗ ಬೇಕಾದದ್ದು ಸತ್ತ ಮೇಲೂ ಬೇಕೆಂಬುದು, ಮನುಷ್ಯನಿಗೆ ಪ್ರಿಯವಾದದ್ದು ದೈವಕ್ಕೂ ಪ್ರಿಯವೆಂಬುದು ನಮ್ಮ ಜನದ ಎಣಿಕೆ. ಬಸ್ಸಿನ ಕಿಟಕಿಯಿಂದ ಆ ಬಾಟಲಿಗಳನ್ನು ನೋಡುತ್ತಾ, ಮೂವತ್ತು ವರ್ಷ ಮದ್ಯಪಾನ ನಿಷೇಧದ ಮೇಲೆ ಭಾಷಣ ಮಾಡಿದ ನಾವು, ಕಟ್ಟೆಯ ಮೇಲಿನ ಕಳ್ಳನ್ನು ಕುರಿತು ಒಂದು ಮಾತನ್ನೂ ಆಡಿರಲಿಲ್ಲವೆಂಬುದನ್ನು ನೆನೆದೆವು.

ಈ ಭಾಷಣಗಳಿಗೆ ಕಾರಣವಿಲ್ಲದಿರಲಿಲ್ಲ. ನಮ್ಮ ಅಜ್ಜನವರ ಕಾಲದಲ್ಲಿ ಮನೆಯ ಎದುರಿನ ಗದ್ದೆ ಗಡಂಗಿನ ಸಾಲಕ್ಕೆ ಹೋಯಿತು. ಮದ್ರಾಸು ಪ್ರಾಂತದಲ್ಲಿ 1948ರಲ್ಲಿ ಪಾನನಿಷೇಧ ಎಲ್ಲ ಜಿಲ್ಲೆಗಳಿಗೂ ಹಬ್ಬಿದಾಗ ನಮ್ಮ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳಂತೆ. 1967ರಲ್ಲಿ ಕೇರಳದಲ್ಲಿ ಆ ನಿಷೇಧ ಹೋಯಿತು. ನಾವು ಮಾತ್ರ ಅಜ್ಜಿಯ ದೀಪವನ್ನು ಆರಲು ಬಿಡಬಾರದೆಂದು ಹಟ ತೊಟ್ಟಿದ್ದೆವು. ಹಟ ಒಳ್ಳೆಯದೇ. ಅದರ ಬೆಂಕಿ ಯಾರನ್ನು ಸುಟ್ಟಿತೆಂಬುದನ್ನು ಮುಂದೆ ಹೇಳುತ್ತೇವೆ.

ಪಾಂಗ್ ಎಂಬ ಬಿಡಾರದಲ್ಲಿ ಊಟಕ್ಕೆ ನಿಂತೆವು. ಸುಮಾರು 4,600 ಮೀಟರ್ ಎತ್ತರದ ಆ ಜಾಗದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಪಾಠದಲ್ಲಿ ಹೇಳಿದ್ದನ್ನು ಅರೆಬೆಂದ ಬೇಳೆ ದೃಢಪಡಿಸಿತು. ಅಲ್ಲಿಂದ ಮುಂದೆ ಸುಮಾರು 5,328 ಮೀಟರ್ ಎತ್ತರದ ತಂಗ್ಲಾಂಗ್ ಕಣಿವೆಯನ್ನು ದಾಟಿ ಕೆಳಗಿಳಿದಾಗ, ಗಂಟೆಗಳ ಕಾಲ ಕಲ್ಲು ಮಣ್ಣುಗಳನ್ನೇ ಕಂಡ ಕಣ್ಣಿಗೆ ಬಾರ್ಲಿಯ ಹೊಲಗಳು ಕಂಡುವು. ಅದು ರುಮ್ತ್ಸೆ ಎಂಬ ಹಳ್ಳಿ. ಹೊಲದಲ್ಲಿ ಕುಯ್ಲು ನಡೆದಿದ್ದಿತು. ಮುಂದಿನ ಕಮರಿಯಲ್ಲಿ ಗುಡ್ಡ ಜರಿದು ರಸ್ತೆಯ ಮೇಲೆ ಕಲ್ಲು ಬಿದ್ದಿದೆ, ಬೆಳಗಾಗುವವರೆಗೆ ದಾರಿಯಿಲ್ಲ ಎಂಬ ಸುದ್ದಿ ಬಂದಿತು. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿದ್ದ ನಿವೃತ್ತ ಸಿಪಾಯಿಯ ಊರು ಅದೇ. "ಗುರೂಜಿ, ಈ ಚಳಿಯಲ್ಲಿ ಬಸ್ಸಿನಲ್ಲಿ ಮಲಗಬೇಡಿ, ಮನೆಗೆ ಬನ್ನಿ" ಎಂದನು. ಲಾಮಾ ಅವರೂ ನಮ್ಮ ಜೊತೆಗೆ ಬಂದರು.

ಮನೆಯ ಅಡುಗೆಕೋಣೆಯೇ ಚಾವಡಿ. ನಡುವೆ ಕಬ್ಬಿಣದ ಒಲೆ, ಗೋಡೆಯ ಉದ್ದಕ್ಕೂ ತಾಮ್ರ ಹಿತ್ತಾಳೆಯ ಪಾತ್ರೆಗಳ ಸಾಲು, ನೆಲದಲ್ಲಿ ಜಮಖಾನ, ಎದುರಿಗೆ ಮೊಣಕಾಲೆತ್ತರದ ಕೆತ್ತನೆಯ ಮೇಜು. ಒಲೆಯ ಹತ್ತಿರದ ಹಿರಿಯರ ಜಾಗದಲ್ಲಿ ಲಾಮಾ ಅವರನ್ನು ಕೂರಿಸಿ, ಅವರ ಪಕ್ಕದಲ್ಲಿ ನಮ್ಮನ್ನು ಕೂರಿಸಿದರು. ಸಿಪಾಯಿಯ ತಾಯಿ ಎಂಬತ್ತು ದಾಟಿದವಳು. ಅಜ್ಜಿಯನ್ನು ಆ ಸೀಮೆಯಲ್ಲಿ "ಅಬಿ-ಲೇ" ಎನ್ನುತ್ತಾರೆ; "ಲೇ" ಎಂಬುದು ನಮ್ಮ "ಅವರು" ಇದ್ದಂತೆ ಮರ್ಯಾದೆಯ ಪ್ರತ್ಯಯ. ಅಬಿ-ಲೇ ಒಂದು ಹಿತ್ತಾಳೆಯ ಹೂಜಿಯನ್ನು ತಂದು ನಮ್ಮ ಮುಂದಿನ ಬಟ್ಟಲಿಗೆ ಹಾಲಿನಂತೆ ಮಬ್ಬಾದ ದ್ರವವನ್ನು ಎರೆದಳು. ಹುಳಿಯಾದ ಪರಿಮಳ. ಕಣ್ಣು ಮುಚ್ಚಿದ್ದರೆ ನಮ್ಮೂರ ಕಳ್ಳೆಂದೇ ಹೇಳುತ್ತಿದ್ದೆವು. ಅದು ಛಾಂಗ್.

ಛಾಂಗನ್ನು ಮಾಡುವ ಬಗೆಯನ್ನು ಸಿಪಾಯಿ ವಿವರಿಸಿದನು. ಬಾರ್ಲಿಯನ್ನು ಬೇಯಿಸಿ, ಹರಡಿ ಆರಿಸಿ, ಫಾಬ್ ಎಂಬ ಹೆಪ್ಪಿನ ಬಿಲ್ಲೆಯನ್ನು ಪುಡಿಮಾಡಿ ಬೆರೆಸುತ್ತಾರೆ. ಅದನ್ನು ಕಂಬಳಿಯಲ್ಲಿ ಸುತ್ತಿ ಬೆಚ್ಚಗೆ ಕೆಲವು ದಿನ ಇಟ್ಟು, ಹುಳಿ ಬಂದ ಮೇಲೆ ನೀರೆರೆದು ಸೋಸುತ್ತಾರೆ. ಉಳಿದ ಚರಟ ದನಗಳಿಗೆ. ಬಿತ್ತನೆಗೆ, ಕುಯ್ಲಿಗೆ, ಮದುವೆಗೆ, ಮಗು ಹುಟ್ಟಿದಾಗ ಛಾಂಗ್ ಇರಲೇಬೇಕು. ಶುಭಕಾರ್ಯದಲ್ಲಿ ಹೂಜಿಯ ಅಂಚಿಗೆ ಬೆಣ್ಣೆಯನ್ನು ಮೆತ್ತುತ್ತಾರೆ. ಅತಿಥಿಯ ಬಟ್ಟಲು ಒಂದು ಗುಟುಕು ತಗ್ಗಿದರೂ ಮತ್ತೆ ತುಂಬುವುದು ಮನೆಯವರ ಧರ್ಮ.

ನಾವು ಕೈಮುಗಿದು "ಬೇಡ" ಎಂದೆವು. ಅಬಿ-ಲೇ ನಕ್ಕು "ದೋನ್, ದೋನ್" ಎಂದಳು, ತೆಗೆದುಕೊಳ್ಳಿ ಎಂದರ್ಥ. ನಾವು ಮತ್ತೂ ಗಟ್ಟಿಯಾಗಿ ಬೇಡವೆಂದೆವು. ಆಕೆ ಮತ್ತೂ ಸಂತೋಷದಿಂದ ಒತ್ತಾಯಿಸಿದಳು. ಮೊದಲ ಸಲ ಕೊಟ್ಟದ್ದನ್ನು ಒಡನೆ ತೆಗೆದುಕೊಳ್ಳುವುದು ಅಲ್ಲಿ ಅಸಭ್ಯತೆ. ಎರಡು ಮೂರು ಬಾರಿ ನಿರಾಕರಿಸುವುದೇ ಶಿಷ್ಟಾಚಾರ. ನಮ್ಮ ವ್ರತವನ್ನು ಆಕೆ ವಿನಯವೆಂದು ತಿಳಿದಿದ್ದಳು! ನಾವು ಹಟ ಹೆಚ್ಚಿಸಿದಷ್ಟೂ ನಮ್ಮ ಸಭ್ಯತೆಯ ಮೇಲೆ ಆಕೆಗೆ ಗೌರವ ಹೆಚ್ಚುತ್ತಿದ್ದಿತು. ಪಕ್ಕದಲ್ಲಿ ಲಾಮಾ ಅವರು ತಮ್ಮ ಬಟ್ಟಲಿನ ಮೇಲೆ ಅಂಗೈಯನ್ನು ಅಡ್ಡ ಹಿಡಿದು ಸುಮ್ಮನೆ ಮುಗುಳ್ನಗುತ್ತಿದ್ದರು. ಅವರಿಗೆ ಯಾರೂ ಒತ್ತಾಯ ಮಾಡಲಿಲ್ಲ, ಅವರೂ ಯಾರಿಗೂ ಉಪದೇಶ ಮಾಡಲಿಲ್ಲ. ಮೂವತ್ತು ವರ್ಷಗಳ ನಮ್ಮ ಭಾಷಣಕ್ಕಿಂತ ಆ ಒಂದು ಅಂಗೈ ದೊಡ್ಡದೆನ್ನಿಸಿತು.

ಕೊನೆಗೆ ಸಿಪಾಯಿ ನಮ್ಮ ಸಂಕಟವನ್ನು ಅರಿತನು. "ಸಮುದ್ರದ ಕಡೆಯಿಂದ ಬಂದವರು ಮೊದಲ ರಾತ್ರಿ ಈ ಎತ್ತರದಲ್ಲಿ ಇದನ್ನು ಕುಡಿಯಲೂಬಾರದು ಗುರೂಜಿ, ತಲೆನೋವು ಹೆಚ್ಚುತ್ತದೆ. ಆದರೆ ಬಟ್ಟಲನ್ನು ದೂಡಬೇಡಿ. ಅನಾಮಿಕೆಯನ್ನು ಅದ್ದಿ ಮೂರು ಹನಿ ಮೇಲಕ್ಕೆ ಚಿಮುಕಿಸಿ: ಬುದ್ಧನಿಗೊಂದು, ಧರ್ಮಕ್ಕೊಂದು, ಸಂಘಕ್ಕೊಂದು. ಕುಡಿಯುವವರೂ ಮೊದಲು ಮಾಡುವುದು ಅದನ್ನೇ. ಅಷ್ಟಾದರೆ ತಾಯಿಗೆ ತೃಪ್ತಿ" ಎಂದನು. ನಾವು ಹಾಗೆಯೇ ಮಾಡಿದೆವು. ಅಬಿ-ಲೇ ತಲೆದೂಗಿ, ಹೂಜಿಯನ್ನು ಒಳಗಿಟ್ಟು, ಉಪ್ಪು ಬೆಣ್ಣೆ ಹಾಕಿ ಕಡೆದ ಗುರ್‌ಗುರ್ ಚಹಾವನ್ನು ತಂದಳು. ಅದನ್ನು ಚಹಾ ಎನ್ನುವುದಕ್ಕಿಂತ ಸಾರು ಎನ್ನುವುದು ಸರಿ. ಆದರೆ ಆ ಚಳಿಯಲ್ಲಿ ಅದಕ್ಕಿಂತ ಹಿತವಾದದ್ದು ಬೇರೊಂದಿಲ್ಲ.

ಮಾತು ಬೆಳೆಯಿತು. ಮನೆಯ ಛಾಂಗಿಗಿಂತ ಹೊರಗಿನಿಂದ ಬರುವ ಬಾಟಲಿಯ ಮದ್ಯವೇ ಈಗಿನ ಪೀಡೆಯೆಂದೂ, ಕೆಲವು ಹಳ್ಳಿಗಳಲ್ಲಿ ತಾಯಂದಿರ ಸಂಘಗಳು ಅದರ ಮಾರಾಟಕ್ಕೆ ತಡೆಯೊಡ್ಡಿವೆಯೆಂದೂ ಸಿಪಾಯಿ ಹೇಳಿದನು. ಆಗ ಅಬಿ-ಲೇ, "ನಿಮ್ಮ ನಾಡಿನಲ್ಲಿ ಏನು ಕುಡಿಯುತ್ತಾರೆ?" ಎಂದು ಮಗನ ಮೂಲಕ ಕೇಳಿದಳು. ನಾವು ತೆಂಗಿನ ಮರದ ವಿಷಯ ಹೇಳಿದೆವು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಮೆತ್ತಗೆ ತಟ್ಟಿ, ತುದಿಯನ್ನು ತೆಳ್ಳಗೆ ಕೊಯ್ದು ಮಡಕೆ ತೂಗಹಾಕುವುದನ್ನು, ಬೆಳಗ್ಗೆ ಸಂಜೆ ಮರ ಹತ್ತಿ ರಸವನ್ನು ಇಳಿಸುವುದನ್ನು, ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯಾಗದೆ ಸಿಹಿಯಾಗಿಯೇ ಇರುವುದನ್ನು ವಿವರಿಸಿದೆವು. ಮರದಿಂದ ಛಾಂಗ್ ಇಳಿಯುತ್ತದೆಂಬುದನ್ನು ಆಕೆ ನಂಬಲಿಲ್ಲ. ಮರ ಎಷ್ಟೆತ್ತರವೆಂದು ಕೇಳಿದಳು. ಮನೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ ಎಂದು ಕೈಯಲ್ಲಿ ತೋರಿಸಿದೆವು. ಮಳೆಯಲ್ಲಿಯೂ ಹತ್ತುವರೇ? ಹೌದು. ಬಿದ್ದು ಸತ್ತವರಿಲ್ಲವೇ? ಇದ್ದಾರೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಕೇಳಿದಳು: "ಹಾಗಾದರೆ ಮೊದಲ ಬಟ್ಟಲನ್ನು ಆ ಮರ ಹತ್ತಿದವನಿಗೆ ಕೊಡುತ್ತೀರಿ, ಅಲ್ಲವೇ?"

ಉತ್ತರ ನಮ್ಮಲ್ಲಿರಲಿಲ್ಲ. ತಲೆನೋವೆಂಬ ನೆಪ ಹೇಳಿ ಮಲಗಿದೆವು. ನಿದ್ರೆ ಬರಲಿಲ್ಲ; ಅದು ಎತ್ತರದ ದೋಷವಾಗಿರಲಿಲ್ಲ.

ಅದು 1994ನೆಯ ಇಸವಿ. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ತಂದೆಯದು ಮೂರ್ತೆಯ ಕಸುಬು. ಗಾಂಧಿ ಜಯಂತಿಯ ಮೆರವಣಿಗೆಗೆ ಘೋಷಣೆಗಳನ್ನು ಬರೆಸುತ್ತಿದ್ದ ದಿನ ಆತ ತಡವಾಗಿ ಬಂದನು. ಅಂಗಿಯಿಂದ ಕಳ್ಳಿನ ವಾಸನೆ ಬರುತ್ತಿದ್ದಿತು. ನಾವು ಆತನನ್ನು ಎದುರಿಗೆ ನಿಲ್ಲಿಸಿ, "ಇದು ಶಾಲೆಯೋ ಗಡಂಗೋ?" ಎಂದು ಕೇಳಿದೆವು. ತರಗತಿ ನಕ್ಕಿತು. ಆ ನಗೆ ನಮಗೆ ಹಿತವಾಗಿಯೇ ಇದ್ದಿತು ಎಂಬುದನ್ನು ಇಂದು ಮುಚ್ಚಿಡುವುದಿಲ್ಲ. ಮರುದಿನದಿಂದ ಆತ ಬರಲಿಲ್ಲ. ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದನೆಂದೂ, ಹುಡುಗ ಬೆಳಗ್ಗೆ ಮಾವನೊಡನೆ ಮಡಕೆಗಳನ್ನು ಹೊತ್ತು ಆಮೇಲೆ ಶಾಲೆಗೆ ಓಡಿ ಬರುತ್ತಿದ್ದನೆಂದೂ ತಿಂಗಳ ಮೇಲೆ ತಿಳಿಯಿತು. ಹೋಗಿ ಕರೆಯಬಹುದಾಗಿದ್ದಿತು. ಮೇಷ್ಟರ ಮರ್ಯಾದೆ ಅಡ್ಡ ಬಂದಿತು. 1996ರ ಏಪ್ರಿಲಿನಲ್ಲಿ ಕೇರಳದಲ್ಲಿ ಸಾರಾಯಿ ನಿಂತಾಗ ನಾವು ಶಾಲೆಯಲ್ಲಿ ಸಿಹಿ ಹಂಚಿದೆವು. ಆ ಬೆಂಚಿನ ಕಡೆಗೆ ನೋಡಲಿಲ್ಲ.

ಬೆಳಗ್ಗೆ ದಾರಿ ತೆರೆಯಿತು. ಅಬಿ-ಲೇ ಬಸ್ಸಿನವರೆಗೆ ಬಂದು ಒಣ ಜರದಾಳು ಹಣ್ಣುಗಳನ್ನು ನಮ್ಮ ಚೀಲಕ್ಕೆ ತುಂಬಿದಳು. ಉಪ್ಶಿಯಲ್ಲಿ ಸಿಂಧೂ ನದಿಯನ್ನು ಕಂಡೆವು. ಲೇಹವನ್ನೂ ಅಲ್ಲಿಯ ಗುಂಪಾಗಳನ್ನೂ ನೋಡಿದೆವು. ನೋಡಿದ್ದು ಕಣ್ಣು ಮಾತ್ರ. ಮನಸ್ಸು ಆಗಲೇ ಊರಿನ ದಾರಿ ಹಿಡಿದಿದ್ದಿತು.

ಊರಿಗೆ ಬಂದ ವಾರದಲ್ಲಿ ಆತನ ಮನೆಯನ್ನು ಹುಡುಕಿಕೊಂಡು ಹೋದೆವು. ಆತನಿಗೀಗ ನಲವತ್ತರ ವಯಸ್ಸು. ತಂದೆಯ ಕಸುಬನ್ನೇ ಹಿಡಿದಿದ್ದಾನೆ. ನಮ್ಮನ್ನು ಕಂಡು ಗಡಿಬಿಡಿಯಿಂದ ಅಂಗಿ ಹಾಕಿಕೊಂಡು ಬಂದು, "ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ" ಎಂದು ಕುರ್ಚಿ ಒರೆಸಿದನು. ಮಗಳು ಕನ್ನಡ ಶಾಲೆಯಲ್ಲಿಯೇ ಓದುತ್ತಾಳೆಂದು ಹೇಳಿದನು. ನಾವು ಹಳೆಯ ಮಾತನ್ನು ಎತ್ತಿ, ತಪ್ಪಾಯಿತೆಂದೆವು. "ಅದೆಲ್ಲ ಯಾವ ಕಾಲದ್ದು ಮಾಷ್ಟ್ರೇ, ನನಗೆ ನೆನಪೇ ಇಲ್ಲ" ಎಂದು ನಕ್ಕನು. ಸ್ವಲ್ಪ ಹೊತ್ತು ಕಳೆದ ಮೇಲೆ, ಯಾವುದೋ ಮಾತಿನ ನಡುವೆ, "ಆ ದಿನ ಬೋರ್ಡಿನ ಮೇಲೆ ನೀವು ಹಸುರು ಸೀಮೆಸುಣ್ಣದಲ್ಲಿ ಬರೆದಿದ್ದಿರಿ" ಎಂದನು. ನಮಗೇ ಮರೆತಿದ್ದ ಬಣ್ಣ ಆತನಿಗೆ ನೆನಪಿದ್ದಿತು. ನಾವು ತಲೆ ತಗ್ಗಿಸಿದೆವು.

ಅಷ್ಟರಲ್ಲಿ ಮಗಳು ತಂಪಾದ ಸಿಹಿರಸವನ್ನು ಲೋಟದಲ್ಲಿ ತಂದಿಟ್ಟಳು. ನಮ್ಮ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆಯವರು ರೂಪಿಸಿದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೊಂಬಾಳೆಗೆ ಕಟ್ಟಿದರೆ, ಸುಣ್ಣವಿಲ್ಲದೆಯೇ ರಸ ಹುಳಿಯಾಗದೆ ಇಳಿಯುತ್ತದೆ. ಕಲ್ಪರಸವೆಂದು ಅದರ ಹೆಸರು. "ಇದರಲ್ಲಿ ಅಮಲಿಲ್ಲ ಮಾಷ್ಟ್ರೇ, ಹೆದರಬೇಡಿ" ಎಂದನು. ನಾವು ಲೋಟವನ್ನು ಎತ್ತಿ ಮೊದಲು ಆತನ ಕೈಗೆ ಕೊಟ್ಟೆವು. ಆತ ಬೇಡವೆಂದನು, ನಾವು ಬಿಡಲಿಲ್ಲ. ಆತ ಕುಡಿದ ಮೇಲೆ ಎರಡನೆಯ ಲೋಟ ನಮಗೆ ಬಂದಿತು.

ಕುಡಿತವನ್ನು ನಾವು ಇಂದಿಗೂ ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಈ ಬರಹದಿಂದ ಬೇರೆ ಅರ್ಥ ತೆಗೆಯಬಾರದು. ಗದ್ದೆ ಕಳೆದುಕೊಂಡ ಮನೆಯ ಅಳಲು ಸುಳ್ಳಲ್ಲ. ಆದರೆ ದುಶ್ಚಟ ಬೇರೆ, ದುಡಿಮೆ ಬೇರೆ. ಉಪಾಧ್ಯಾಯ ಮಿತ್ರರಲ್ಲಿ ಒಂದು ಮಾತು: ತಡವಾಗಿ ಬಂದ ಮಗುವಿನ ಅಂಗಿಯ ವಾಸನೆಯನ್ನು ಹಿಡಿಯುವ ಮೊದಲು, ಬೆಳಗ್ಗೆ ಎದ್ದು ಏನು ಕೆಲಸ ಮಾಡಿ ಬಂದೆ ಮಗು ಎಂದು ಕೇಳಿರಿ. ಅಷ್ಟನ್ನು ಕೇಳಲು ನಾವು ಸಾವಿರ ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಕಲಿಯಬೇಕಾಯಿತು. ನೀವು ತರಗತಿಯಲ್ಲಿಯೇ ಕಲಿಯಬಹುದು.